ಚಿಪ್ಪಿಲ್ಲದ ಮೊಟ್ಟೆಗೆ ನಾನಾ ವೇಷ

ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಕಪ್ಪೆಗೆ ಮಾತ್ರ ಅಲ್ಲ, ಹಲ್ಲಿಯಂತೆ ಕಾಣುವ ಸಲಮಾಂಡರ್, ನ್ಯೂಟ್, ಮಣ್ಣಿನೊಳಗೆ ಬದುಕುವ ಕಾಲಿಲ್ಲದ ಸಿಸಿಲಿಯನ್, ಹೀಗೆ ಉಭಯಚರಗಳಲ್ಲಿ ಯಾವುದರ ಮೊಟ್ಟೆಗೂ ಚಿಪ್ಪಿಲ್ಲ. ಕೋಳಿಮೊಟ್ಟೆಯನ್ನು ಮೇಜಿನ ಮೇಲಿಟ್ಟರೆ ದಿನಗಟ್ಟಲೆ ಹಾಗೇ ಇರುತ್ತದೆ. ಕೆರೆಯಿಂದ ತೆಗೆದ ಕಪ್ಪೆಮೊಟ್ಟೆಯನ್ನು ಅದರ ಪಕ್ಕದಲ್ಲಿ ಬಿಸಿಲು ಗಾಳಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಬಾಡಿ ಸುಕ್ಕಾಗುತ್ತದೆ.

ಈ ಕಾರಣಕ್ಕೇ ಶಾಲೆಯ ಪಾಠದಿಂದ ಒಂದು ಕಥೆ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮೀನು ನೀರಲ್ಲಿ ಮೊಟ್ಟೆ ಇಟ್ಟಿತು. ಕಪ್ಪೆ ನೆಲಕ್ಕೇನೋ ಬಂತು, ಆದರೆ ಮೊಟ್ಟೆ ಇಡೋಕೆ ಮತ್ತೆ ನೀರಿಗೇ ಓಡಬೇಕಾಯಿತು. ಆಮೇಲೆ ಹಾವು, ಹಲ್ಲಿ, ಹಕ್ಕಿಗಳ ವಂಶ ಗಟ್ಟಿ ಮೊಟ್ಟೆ ಮಾಡಿಕೊಂಡು ನೀರಿನ ಹಂಗು ಬಿಟ್ಟಿತು. ಈ ಲೆಕ್ಕದಲ್ಲಿ ಕಪ್ಪೆಯ ಮೊಟ್ಟೆ ಅಂದರೆ ಅರ್ಧ ದಾರಿಯಲ್ಲಿ ನಿಂತುಹೋದ ಮೊಟ್ಟೆ.

ಈ ಕಥೆಯಲ್ಲಿ ಸತ್ಯ ಸ್ವಲ್ಪ ಇದೆ, ತಪ್ಪೇ ಜಾಸ್ತಿ. ಇವತ್ತಿನ ಕಪ್ಪೆಗಳು ಹಾವು ಹಲ್ಲಿಗಳ ಪೂರ್ವಜರಲ್ಲ. ಎರಡೂ ವಂಶಗಳು ಬೇರೆಯಾಗಿ 30 ಕೋಟಿ ವರ್ಷಗಳ ಮೇಲಾಗಿದೆ. ಅಷ್ಟೂ ಕಾಲ ಉಭಯಚರಗಳು ಸುಮ್ನೆ ಕೂತಿರಲಿಲ್ಲ. ಈಗ ಭೂಮಿಯ ಮೇಲೆ ಅವುಗಳ 8,000ಕ್ಕೂ ಹೆಚ್ಚು ಪ್ರಭೇದಗಳಿವೆ, ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಪ್ಪೆಗಳೇ. ಬರೀ ಲೋಳೆ ಸುತ್ತಿದ ಮೊಟ್ಟೆಯನ್ನು ಇಟ್ಟುಕೊಂಡೇ ಅವು ಎಲೆಯ ಮೇಲೆ, ಬಿದಿರಿನೊಳಗೆ, ಬೆನ್ನಿನ ಚರ್ಮದಲ್ಲಿ, ಕೊನೆಗೆ ಹೊಟ್ಟೆಯೊಳಗೂ ಮರಿ ಬೆಳೆಸಿವೆ. ಹಕ್ಕಿಗಳಲ್ಲಾಗಲಿ ಹಾವುಗಳಲ್ಲಾಗಲಿ ಇಷ್ಟು ಬಗೆ ಸಿಗುವುದಿಲ್ಲ.

ಮೊದಲು ಮೊಟ್ಟೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಯುರೋಪಿನ ಸಾಮಾನ್ಯ ಕಪ್ಪೆಯ ಮೊಟ್ಟೆ ಎರಡು ಮೂರು ಮಿಲಿಮೀಟರ್ ಗಾತ್ರದ ಗುಂಡು. ಅದರ ಅರ್ಧ ಭಾಗ ಕಪ್ಪು, ಇನ್ನರ್ಧ ಬಿಳಿಚು. ಬಿಳಿಚು ಭಾಗದಲ್ಲಿ ಯೋಕ್ ಜಾಸ್ತಿ, ಅಂದರೆ ಮರಿಗೆ ಬೇಕಾದ ಹಳದಿ ಆಹಾರ. ಹಾಗಾಗಿ ಅದೇ ಭಾರ. ಗುಂಡಿನ ಮೇಲೆ ಒಂದು ತೆಳು ಪೊರೆ. ಅದರ ಮೇಲೆ ಪದರ ಪದರವಾಗಿ ಲೋಳೆ. ಮೊಟ್ಟೆ ತಾಯಿಯ ಅಂಡನಾಳದಲ್ಲಿ ಇಳಿದು ಬರುವಾಗ ಈ ಲೋಳೆ ಒಂದೊಂದೇ ಪದರವಾಗಿ ಮೆತ್ತಿಕೊಳ್ಳುತ್ತದೆ. ಹೊರಬಿದ್ದಾಗ ಅದು ತೀರಾ ತೆಳು. ನೀರು ತಾಗಿದ ಮೇಲೆ ಹೀರಿ ಹೀರಿ ಉಬ್ಬುತ್ತದೆ. ಕೆರೆಯಲ್ಲಿ ಮುದ್ದೆ ಮುದ್ದೆಯಾಗಿ ಕಾಣುವುದರಲ್ಲಿ ಬಹುಪಾಲು ಮೊಟ್ಟೆಯಲ್ಲ, ಲೋಳೆ ಕುಡಿದ ನೀರು.

ಹೆಚ್ಚಿನ ಕಪ್ಪೆಗಳಲ್ಲಿ ಫಲೀಕರಣ ಮೈಯ ಹೊರಗೆ ಆಗುತ್ತದೆ. ಗಂಡು ಹೆಣ್ಣಿನ ಬೆನ್ನೇರಿ ಅಪ್ಪಿ ಹಿಡಿದು, ಮೊಟ್ಟೆ ಹೊರಬರುತ್ತಿದ್ದಂತೆ ವೀರ್ಯ ಬಿಡುತ್ತದೆ. ಇದನ್ನು ಸಾಬೀತು ಮಾಡಿದ ಪ್ರಯೋಗ ಸ್ವಲ್ಪ ತಮಾಷೆಯಾಗಿದೆ. 18ನೇ ಶತಮಾನದಲ್ಲಿ ಇಟಲಿಯ ಪಾದ್ರಿ, ವಿಜ್ಞಾನಿ ಲಾಜಾರೊ ಸ್ಪಲಾಂಜಾನಿ ಗಂಡು ಕಪ್ಪೆಗಳಿಗೆ ಪುಟ್ಟ ಚಡ್ಡಿ ಹೊಲಿಸಿ ತೊಡಿಸಿದರು. ಚಡ್ಡಿ ತೊಟ್ಟ ಗಂಡು ಹೆಣ್ಣನ್ನು ಎಂದಿನಂತೆ ಅಪ್ಪಿಕೊಂಡಿತು, ಆದರೆ ಮೊಟ್ಟೆಗಳು ಬೆಳೆಯಲಿಲ್ಲ. ಚಡ್ಡಿಯಲ್ಲಿ ಉಳಿದ ಹನಿಯನ್ನು ಮೊಟ್ಟೆಗೆ ತಾಗಿಸಿದಾಗ ಬೆಳೆದವು. ಇಷ್ಟೆಲ್ಲ ಮಾಡಿಯೂ ವೀರ್ಯಾಣುವೇ ಇದಕ್ಕೆ ಕಾರಣ ಅನ್ನುವುದನ್ನು ಮಾತ್ರ ಅವರು ಒಪ್ಪಲಿಲ್ಲ!

ಲೋಳೆ ಬರೀ ಹೊದಿಕೆ ಅಂದುಕೊಳ್ಳಬೇಡಿ. ಅಂಡನಾಳಕ್ಕೆ ಇಳಿಯುವ ಮೊದಲೇ, ಲೋಳೆ ಮೆತ್ತಿಕೊಳ್ಳದ ಮೊಟ್ಟೆಯನ್ನು ತೆಗೆದು ವೀರ್ಯ ಬೆರೆಸಿದರೆ ಅದು ಫಲಿಸುವುದಿಲ್ಲ. ಆಫ್ರಿಕಾದ ಉಗುರುಗಪ್ಪೆ ಜೆನೋಪಸ್‌ನ ಲೋಳೆಯಲ್ಲಿ ವೀರ್ಯಾಣುವನ್ನು ಸೆಳೆಯುವ ಆಲ್ಯುರಿನ್ ಅನ್ನುವ ಪ್ರೋಟೀನ್ ಸಿಕ್ಕಿದೆ. ಆದರೆ ಅದೇ ಲೋಳೆ ನೀರು ಕುಡಿದು ಉಬ್ಬಿದ ಮೇಲೆ ವೀರ್ಯಾಣುವಿಗೆ ದಾರಿ ಸಿಗುವುದು ಕಷ್ಟ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಗಂಡು ಅಷ್ಟು ಬಿಗಿಯಾಗಿ ಅಪ್ಪಿಕೊಂಡು ಕಾಯುವುದರ ಗುಟ್ಟು ಇದು.

ವೀರ್ಯಾಣು ಒಳಹೊಕ್ಕ ಮೇಲೆ ಬರಿಗಣ್ಣಿಗೂ ಕಾಣುವ ಒಂದು ಘಟನೆ ನಡೆಯುತ್ತದೆ. ಮೊಟ್ಟೆ ತನ್ನ ಪೊರೆಯಿಂದ ಬಿಡಿಸಿಕೊಂಡು ಒಳಗೊಳಗೇ ತಿರುಗುತ್ತದೆ. ಭಾರದ ಬಿಳಿ ಭಾಗ ಕೆಳಕ್ಕೆ, ಕಪ್ಪು ಭಾಗ ಮೇಲಕ್ಕೆ. ಅಡ್ಡಾದಿಡ್ಡಿ ಬಿದ್ದಿದ್ದ ನೂರಾರು ಮೊಟ್ಟೆಗಳು ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ಕಪ್ಪು ಮುಖ ಮೇಲೆ ಮಾಡಿ ನಿಲ್ಲುತ್ತವೆ. ಇದಾದ ಮೇಲೆ ಮೊಟ್ಟೆಯ ಹೊರಪದರ ಒಳಗಿನ ದ್ರವ್ಯದ ಮೇಲೆ ಸುಮಾರು 30 ಡಿಗ್ರಿಯಷ್ಟು ಜಾರುತ್ತದೆ. ಈ ಸಣ್ಣ ಜಾರುವಿಕೆಯಲ್ಲಿ ಮರಿಯ ಬೆನ್ನು ಯಾವ ಕಡೆ ಅನ್ನುವುದು ತೀರ್ಮಾನವಾಗುತ್ತದೆ. ವೀರ್ಯಾಣು ಹೊಕ್ಕ ಕಡೆಗೆ ಹೊಟ್ಟೆ, ಎದುರು ಕಡೆಗೆ ಬೆನ್ನು. ಮೊಟ್ಟೆ ಇನ್ನೂ ಎರಡು ಕೋಶವಾಗಿ ಒಡೆದಿರುವುದಿಲ್ಲ, ನೋಡಿ. ಇಷ್ಟು ದೊಡ್ಡ ಮೊಟ್ಟೆ, ಇಷ್ಟು ಬಯಲಾದ ಬೆಳವಣಿಗೆ ಇರುವುದರಿಂದಲೇ ಭ್ರೂಣವಿಜ್ಞಾನ ಬೆಳೆದದ್ದು ಬಹುಪಾಲು ಕಪ್ಪೆ, ನ್ಯೂಟ್‌ಗಳ ಮೊಟ್ಟೆಯ ಮೇಲೆ. ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಂಗೋಲ್ಡ್ 1924ರಲ್ಲಿ ನ್ಯೂಟ್ ಭ್ರೂಣದ ಒಂದು ಚೂರನ್ನು ಇನ್ನೊಂದರಲ್ಲಿ ಕಸಿ ಮಾಡಿ ಎರಡನೇ ಶರೀರವನ್ನೇ ಹುಟ್ಟಿಸಿದ್ದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಚಿಪ್ಪಿಲ್ಲದ ಮೊಟ್ಟೆಗೆ ಕಾಟ ಮೂರು. ಒಣಗುವುದು, ಉಸಿರುಕಟ್ಟುವುದು, ಯಾರದೋ ಬಾಯಿಗೆ ಬೀಳುವುದು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಕಪ್ಪೆಮೊಟ್ಟೆಯ ಎಲ್ಲ ವೇಷಗಳೂ ಈ ಮೂರರ ನಡುವಿನ ಹೊಂದಾಣಿಕೆ ಅಂತ ನನ್ನ ಅಭಿಪ್ರಾಯ.

ಉಸಿರಿನ ವಿಷಯವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಭ್ರೂಣಕ್ಕೆ ಆಮ್ಲಜನಕ ಬೇಕು. ಅದು ಲೋಳೆಯ ಮೂಲಕ ನಿಧಾನವಾಗಿ ಜಿನುಗಿಯೇ ಒಳಗೆ ಬರಬೇಕು. ಮೊಟ್ಟೆ ದೊಡ್ಡದಾದಷ್ಟೂ ಒಳಗಿನ ಬೇಡಿಕೆ ಹೆಚ್ಚುತ್ತದೆ, ಆದರೆ ಹೊರಮೈ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಲೋಳೆ ದಪ್ಪವಾದರೆ ಶತ್ರುವಿನಿಂದ ರಕ್ಷಣೆ ಸಿಗುತ್ತದೆ, ಆದರೆ ಆಮ್ಲಜನಕ ಬರುವ ದಾರಿ ಉದ್ದವಾಗುತ್ತದೆ. ಸಾವಿರಾರು ಮೊಟ್ಟೆ ಒಂದೇ ಮುದ್ದೆಯಾದರೆ ನಟ್ಟನಡುವಿನವಕ್ಕೆ ಗಾಳಿ ಸಾಲದು. ತಣ್ಣನೆ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಭ್ರೂಣವೂ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ಚಳಿ ನಾಡಿನ ಕಪ್ಪೆಗಳಿಗೆ ಮುದ್ದೆ ಮುದ್ದೆ ಇಟ್ಟರೂ ನಡೆಯುತ್ತದೆ. ಮುದ್ದೆಯ ಒಳಗೆ ಒಂದಿಷ್ಟು ಬೆಚ್ಚಗೂ ಇರುತ್ತದೆ. ಬೇಸಗೆಯ ಬೆಚ್ಚನೆ ನೀರಿನಲ್ಲಿ ಇಡುವ ಅಮೆರಿಕದ ಬುಲ್‌ಫ್ರಾಗ್‌ಗೆ ಇದು ಆಗದು. ಅದು ಸುಮಾರು 20,000 ಮೊಟ್ಟೆಗಳವರೆಗೆ ನೀರಿನ ಮೇಲ್ಮೈಯಲ್ಲಿ ತೆಳುವಾದ ಹಾಸಾಗಿ ಹರಡುತ್ತದೆ. ನೆಲಗಪ್ಪೆಗಳದು ಮತ್ತೊಂದು ದಾರಿ. ಅವು ಉದ್ದ ಸರದ ಹಾಗೆ ಇಟ್ಟು ಜೊಂಡಿಗೆ ಸುತ್ತುತ್ತವೆ. ದಕ್ಷಿಣ ಮತ್ತು ಮಧ್ಯ ಅಮೆರಿಕ ಮೂಲದ ಕೇನ್ ಟೋಡ್ ಹೀಗೆ ಒಂದು ಸಲಕ್ಕೆ 30,000ದವರೆಗೂ ಇಡಬಲ್ಲದು. ಅದರ ಮೊಟ್ಟೆಯಲ್ಲಿ ವಿಷವೂ ಇದೆ.

ಉಸಿರಿನ ಸಮಸ್ಯೆಗೆ ಅತ್ಯಂತ ವಿಚಿತ್ರ ಪರಿಹಾರ ಸಿಕ್ಕಿರುವುದು ಉತ್ತರ ಅಮೆರಿಕದ ಚುಕ್ಕೆ ಸಲಮಾಂಡರ್‌ನಲ್ಲಿ. ಅದರ ಮೊಟ್ಟೆಮುದ್ದೆಯ ಲೋಳೆ ಗಟ್ಟಿ, ಆಮ್ಲಜನಕ ಸುಲಭಕ್ಕೆ ನುಗ್ಗುವುದಿಲ್ಲ. ಆದರೆ ಮೊಟ್ಟೆಯೊಳಗೆ ಒಂದು ಹಸಿರು ಪಾಚಿ ಸೇರಿಕೊಳ್ಳುತ್ತದೆ. ಭ್ರೂಣದ ಕಸ ಪಾಚಿಗೆ ಗೊಬ್ಬರ, ಪಾಚಿ ಬಿಸಿಲಲ್ಲಿ ಬಿಡುವ ಆಮ್ಲಜನಕ ಭ್ರೂಣಕ್ಕೆ ಉಸಿರು. ಮೊಟ್ಟೆ ಹಸಿರಾಗಿಯೇ ಕಾಣುತ್ತದೆ. ಇದು 19ನೇ ಶತಮಾನದಿಂದಲೂ ಗೊತ್ತಿದ್ದ ಸಂಗತಿ. 2011ರಲ್ಲಿ ರಯಾನ್ ಕರ್ನಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಚಿ ಭ್ರೂಣದ ಕೋಶಗಳ ಒಳಗೇ ಹೊಕ್ಕಿರುವುದನ್ನು ತೋರಿಸಿದರು. ಬೆನ್ನುಮೂಳೆಯ ಪ್ರಾಣಿಯೊಂದರ ಕೋಶದೊಳಗೆ ಪಾಚಿ ಹೀಗೆ ಒಕ್ಕಲಾಗಿರುವುದು ಅದಕ್ಕೂ ಮೊದಲು ಕಂಡಿರಲಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಬಯಲಲ್ಲಿ, ಬಿಸಿಲಿಗೆ ಬೀಳುವ ಮೊಟ್ಟೆಗಳು ಸಾಮಾನ್ಯವಾಗಿ ಕಪ್ಪು ಅಥವಾ ಕಂದು. ಈ ಮೆಲನಿನ್ ಬಣ್ಣ ಅತಿನೇರಳೆ ಕಿರಣವನ್ನು ತಡೆಯುತ್ತದೆ, ಶಾಖವನ್ನೂ ಹೀರುತ್ತದೆ. ಬಿಲದಲ್ಲಿ, ನೊರೆಯಲ್ಲಿ, ಮರದ ಪೊಟರೆಯಲ್ಲಿ ಅಡಗಿಸಿಟ್ಟ ಮೊಟ್ಟೆಗಳು ಹೆಚ್ಚಾಗಿ ಬಿಳಿ ಅಥವಾ ಕೆನೆ ಬಣ್ಣ. ಮೊಟ್ಟೆ ನೋಡಿಯೇ ಅದನ್ನು ಎಂಥ ಕಡೆ ಇಟ್ಟಿರಬಹುದು ಅಂತ ತಕ್ಕಮಟ್ಟಿಗೆ ಊಹಿಸಬಹುದು.

ಇನ್ನು ಮೂರನೇ ಕಾಟ. ಕೆರೆ ಅಂದರೆ ಮೊಟ್ಟೆಗೆ ಸುರಕ್ಷಿತ ಜಾಗ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ನಿಜದಲ್ಲಿ ಅಲ್ಲಿ ಮೀನು, ಜಿಗಣೆ, ನೀರಿನ ಹುಳುಗಳು, ಬೇರೆ ಗೊದಮೊಟ್ಟೆಗಳು ಎಲ್ಲ ಬಾಯಿ ತೆರೆದು ಕೂತಿರುತ್ತವೆ. ಹಾಗಾಗಿ ಎಷ್ಟೋ ಕಪ್ಪೆ ವಂಶಗಳು ಮೊಟ್ಟೆಯನ್ನು ನೀರಿನಿಂದ ಆಚೆಗೆ ಸಾಗಿಸಿವೆ. ಆದರೆ ಆಚೆ ಹೋದರೆ ಒಣಗುವ ಭಯ.

ಕೆಲವು ನೊರೆ ಕಡೆಯುತ್ತವೆ. ಮಧ್ಯ ಅಮೆರಿಕದ ಟುಂಗರಾ ಕಪ್ಪೆಯಲ್ಲಿ ಹೆಣ್ಣು ಲೋಳೆ ಬಿಡುತ್ತಿದ್ದಂತೆ ಗಂಡು ಹಿಂಗಾಲಿನಿಂದ ಅದನ್ನು ಬಡಿದು ಬಡಿದು ಬಿಳಿ ನೊರೆ ಎಬ್ಬಿಸುತ್ತದೆ. ಮೊಟ್ಟೆಗಳು ಅದರೊಳಗೆ. ಬಿಸಿ ವಾತಾವರಣದಲ್ಲೂ ಈ ನೊರೆ ದಿನಗಟ್ಟಲೆ ಕುಸಿಯದೆ ನಿಲ್ಲುತ್ತದೆ. ಅದರಲ್ಲಿರುವ ರಾನಾಸ್ಪುಮಿನ್ ಅನ್ನುವ ಪ್ರೋಟೀನ್‌ಗಳ ಗುಂಪು ಇದಕ್ಕೆ ಕಾರಣ. ಸಾಬೂನಿನಂಥ ವಸ್ತುಗಳು ಕೋಶದ ಪೊರೆಯನ್ನು ಹಾಳುಮಾಡುತ್ತವೆ. ಇವು ನೊರೆ ಬರಿಸಿಯೂ ಮೊಟ್ಟೆಗೆ, ವೀರ್ಯಾಣುವಿಗೆ ಏನೂ ಮಾಡುವುದಿಲ್ಲ. ಪಶ್ಚಿಮ ಘಟ್ಟದ ಹಾರುವ ಕಪ್ಪೆ, ಆಫ್ರಿಕಾದ ಬೂದು ಮರಗಪ್ಪೆ ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ನೊರೆಗೂಡು ಕಟ್ಟುತ್ತವೆ. ಹೊರಮೈ ಒಣಗಿ ಹೊಪ್ಪಳೆಯಾಗುತ್ತದೆ, ಒಳಗೆ ಒದ್ದೆಯಾಗಿ ಉಳಿಯುತ್ತದೆ. ದಿನ ತುಂಬಿದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ.

ದಕ್ಷಿಣ ಅಮೆರಿಕದ ಫಿಲ್ಲೊಮೆಡೂಸಾ ಕಪ್ಪೆಗಳು ಎಲೆಯನ್ನು ಮಡಚಿ ಒಳಗೆ ಮೊಟ್ಟೆ ಇಡುತ್ತವೆ. ಜೊತೆಗೆ ಮೊಟ್ಟೆಯೇ ಇಲ್ಲದ ಬರೀ ಲೋಳೆಗುಳ್ಳೆಗಳನ್ನೂ ಸೇರಿಸುತ್ತವೆ. ಇವು ನೀರಿನ ದಾಸ್ತಾನು. ಗಾಜುಗಪ್ಪೆಗಳ ಕೆಲವು ಪ್ರಭೇದಗಳಲ್ಲಿ ಗಂಡು ಮೊಟ್ಟೆಯ ಮೇಲೆ ಕೂತು ತನ್ನ ಮೈಯಿಂದಲೇ ನೀರುಣಿಸುತ್ತದೆ. 2014ರಲ್ಲಿ ಉತ್ತರ ಕನ್ನಡದ ಕಾಡಿನಿಂದ ವಿವರಿಸಲಾದ ಕುಂಬಾರ ಕಪ್ಪೆಯಲ್ಲಿ ಗಂಡು ಮುಂಗಾಲಿನಲ್ಲಿ ತೊರೆಯ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಣ್ಣಿನ ಹೊದಿಕೆ ಒಣಗುವುದನ್ನೂ ತಡೆಯಬಹುದು, ಶತ್ರುವಿನ ಕಣ್ಣಿಗೂ ಮರೆಯಾಗಬಹುದು.

ಈ ಎಲೆಮೊಟ್ಟೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆಯದು. ಮೊಟ್ಟೆ ಎಲೆಗೆ ಅಂಟಿರುತ್ತದೆ, ಕೆಳಗೆ ಕೊಳ. ಯಾರೂ ತೊಂದರೆ ಕೊಡದಿದ್ದರೆ ಆರೇಳು ದಿನಕ್ಕೆ ಮರಿ ಒಡೆದು ನೀರಿಗೆ ಬೀಳುತ್ತದೆ. ಆದರೆ ಮೊಟ್ಟೆ ತಿನ್ನುವ ಹಾವೊಂದು ಬಂದು ಮುದ್ದೆಗೆ ಬಾಯಿ ಹಾಕಿತು ಅನ್ನಿ. ನಾಲ್ಕೈದು ದಿನದ ಭ್ರೂಣಗಳೂ ಅವಧಿಗೆ ಮೊದಲೇ ಒಡೆದು, ಹಾವಿನ ಬಾಯಿ ತಪ್ಪಿಸಿ ಟಪಟಪ ಅಂತ ಕೊಳಕ್ಕೆ ಉದುರುತ್ತವೆ. ಕ್ಯಾರನ್ ವಾರ್ಕೆಂಟಿನ್ 1995ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಆಮೇಲಿನ ಪ್ರಯೋಗಗಳಲ್ಲಿ ಹಾವು ಕಚ್ಚಿ ಎಳೆಯುವಾಗಿನ ಕಂಪನವನ್ನೂ, ಮಳೆ ಹನಿ ಬಿದ್ದಾಗಿನ ಕಂಪನವನ್ನೂ ದಾಖಲಿಸಿಕೊಂಡು ಮೊಟ್ಟೆಗಳಿಗೆ ಕೊಟ್ಟು ನೋಡಲಾಯಿತು. ಹಾವಿನ ಕಂಪನಕ್ಕೆ ಬಹಳಷ್ಟು ಒಡೆದವು, ಮಳೆಯದಕ್ಕೆ ಒಡೆದದ್ದು ಕಡಿಮೆ. ಮೊಟ್ಟೆಯೊಳಗಿನ ಜೀವ ಎರಡರ ಲಯದ ವ್ಯತ್ಯಾಸ ಗುರುತಿಸುತ್ತದೆ! ಒಡೆಯುವ ಕ್ರಮವೂ ಚೆನ್ನಾಗಿದೆ. ಭ್ರೂಣದ ಮೂತಿಯ ಮೇಲೆ ಕಿಣ್ವ ತುಂಬಿದ ಗ್ರಂಥಿಗಳು ಗುಂಪಾಗಿವೆ. ಅಪಾಯ ಬಂದಾಗ ಮೈ ಅಲುಗಿಸಿ, ಬಾಯಿ ತೆರೆದು ಕಿಣ್ವ ಬಿಡುತ್ತದೆ. ಮೂತಿಯ ಎದುರಿನ ಪೊರೆ ಕರಗಿ ತೂತಾಗುತ್ತದೆ. ಅದರಲ್ಲಿ ನುಸುಳಿ ಹೊರಗೆ. ಕೆಲವೇ ಸೆಕೆಂಡುಗಳ ಆಟ.

ಹಾಗಾದರೆ ಯಾವಾಗಲೂ ಬೇಗ ಒಡೆಯಬಹುದಲ್ಲ? ಆಗದು. ಬೇಗ ಒಡೆದ ಮರಿ ಚಿಕ್ಕದು, ಎಳಸು. ಕೆಳಗಿನ ಕೊಳದ ಮೀನು, ಸೀಗಡಿಗಳಿಗೆ ಅದು ಸುಲಭದ ತುತ್ತು. ಮೇಲೆ ಹಾವು, ಕೆಳಗೆ ಮೀನು. ಯಾವುದು ಹತ್ತಿರ ಅನ್ನುವುದರ ಮೇಲೆ ಭ್ರೂಣದ ತೀರ್ಮಾನ.

ಇದೇ ಜಾಣತನದ ಇನ್ನೊಂದು ರೂಪ ಉತ್ತರ ಅಮೆರಿಕದ ಮಾರ್ಬಲ್ಡ್ ಸಲಮಾಂಡರ್‌ನಲ್ಲಿದೆ. ಶರತ್ಕಾಲದಲ್ಲಿ ಒಣಗಿದ ಕೊಳದ ತಳಕ್ಕೆ ಬಂದು ಹೆಣ್ಣು ಮೊಟ್ಟೆ ಇಡುತ್ತದೆ. ಒಳಗೆ ಮರಿ ಬೆಳೆದು ತಯಾರಾಗಿರುತ್ತದೆ, ಆದರೆ ಒಡೆಯುವುದಿಲ್ಲ. ಮಳೆ ಬಂದು ಮೊಟ್ಟೆ ಮುಳುಗಿದಾಗ ಆಮ್ಲಜನಕ ಕುಸಿಯುತ್ತದೆ. ಆ ಉಸಿರುಗಟ್ಟುವಿಕೆಯೇ ಹೊರಬರಲು ಸೂಚನೆ. ಮಿಕ್ಕ ಸಲಮಾಂಡರ್‌ಗಳು ಮೊಟ್ಟೆ ಇಡುವ ಹೊತ್ತಿಗೆ ಇದರ ಮರಿಗಳು ದೊಡ್ಡವಾಗಿ ಕೊಳದಲ್ಲಿ ಬೇಟೆಯಾಡುತ್ತಿರುತ್ತವೆ.

ಇನ್ನೂ ಮುಂದೆ ಹೋದವು ಗೊದಮೊಟ್ಟೆಯ ಹಂತವನ್ನೇ ಹೊರಗೆ ತೋರಿಸುವುದಿಲ್ಲ. ಪೋರ್ಟೊ ರಿಕೊದ ಕೋಕಿ ಕಪ್ಪೆ ಒದ್ದೆ ಎಲೆಗಳ ನಡುವೆ ಕೆಲವೇ ಮೊಟ್ಟೆ ಇಡುತ್ತದೆ. ಸುಮಾರು ಮೂರು ವಾರದ ಮೇಲೆ ಒಂದೊಂದರಿಂದಲೂ ಪುಟಾಣಿ ಕಪ್ಪೆಯೇ ಹೊರಗೆ ಬರುತ್ತದೆ. ಪೊರೆ ಹರಿಯಲು ಮೂತಿಯ ಮೇಲೆ ಒಂದು ಪುಟ್ಟ ಮೊಟ್ಟೆಹಲ್ಲಿದೆ. ಒಳಗಿರುವಾಗ ಬಾಲ ಈಜಲು ಅಲ್ಲ, ಉಸಿರಾಡಲು. ರಕ್ತನಾಳ ತುಂಬಿದ ತೆಳು ಹಾಳೆಯಂತೆ ಅದು ಮರಿಯನ್ನು ಸುತ್ತಿಕೊಂಡಿರುತ್ತದೆ. ಹೊರಗೆ ತಿನ್ನುವ ಹಂತವೇ ಇಲ್ಲವಾದ್ದರಿಂದ ಪೂರ್ತಿ ಕಪ್ಪೆಯಾಗುವಷ್ಟು ಯೋಕ್ ತಾಯಿಯೇ ತುಂಬಬೇಕು. ಜೆನೋಪಸ್ ಮೊಟ್ಟೆ ಸುಮಾರು 1.3 ಮಿ.ಮೀ., ಕೋಕಿಯದು ಸುಮಾರು 3.5 ಮಿ.ಮೀ. ಘನಗಾತ್ರದಲ್ಲಿ ಇಪ್ಪತ್ತು ಪಟ್ಟು ಹತ್ತಿರ. ಒಂದೊಂದಕ್ಕೆ ಇಷ್ಟು ಹಾಕಿದರೆ ಸಂಖ್ಯೆ ಇಳಿಯಲೇಬೇಕು. ಕ್ಯೂಬಾದಲ್ಲಿ ಕೋಕಿಯ ಬಳಗದ್ದೇ ಒಂದು ಸೆಂಟಿಮೀಟರ್ ಉದ್ದದ ಕಪ್ಪೆಯಿದೆ. ಅದು ಇಡುವುದು ಒಂದೇ ಒಂದು ಮೊಟ್ಟೆ.

ಮೊಟ್ಟೆಯನ್ನು ಮೈಯಲ್ಲೇ ಇಟ್ಟುಕೊಂಡವುಗಳ ಪಟ್ಟಿ ದೊಡ್ಡದು. ಯುರೋಪಿನ ಸೂಲಗಿತ್ತಿ ಕಪ್ಪೆಯಲ್ಲಿ ಗಂಡು ಮೊಟ್ಟೆಸರವನ್ನು ಹಿಂಗಾಲಿಗೆ ಸುತ್ತಿಕೊಂಡು ತಿರುಗುತ್ತದೆ. ಸುರಿನಾಮ್ ಕಪ್ಪೆಯ ತಾಯಿಯ ಬೆನ್ನಿನ ಚರ್ಮ ಊದಿ ಮೊಟ್ಟೆಗಳನ್ನು ಒಳಗೆ ಹುದುಗಿಸಿಕೊಳ್ಳುತ್ತದೆ, ಮೂರ್ನಾಲ್ಕು ತಿಂಗಳ ಮೇಲೆ ಮರಿಗಪ್ಪೆಗಳು ಬೆನ್ನು ತೂರಿಕೊಂಡು ಬರುತ್ತವೆ. ಚಿಲಿಯ ಡಾರ್ವಿನ್ ಕಪ್ಪೆಯಲ್ಲಿ ಗಂಡು ಕೂಗುವ ಚೀಲದಲ್ಲೇ ಮರಿ ಸಾಕುತ್ತದೆ. ಚೀಲಗಪ್ಪೆಗಳ ಬೆನ್ನಮೇಲೆ ಚರ್ಮದ ಜೇಬೇ ಇದೆ. ಅವುಗಳಲ್ಲೊಂದರ ಮೊಟ್ಟೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್, ಕಪ್ಪೆಗಳಲ್ಲೇ ಅತಿ ದೊಡ್ಡದು. ಅಷ್ಟು ದೊಡ್ಡ ಮೊಟ್ಟೆ ಉಸಿರುಕಟ್ಟದೆ ಉಳಿಯುವುದು ಭ್ರೂಣದ ಅಗಲ ಕಿವಿರು ಜೇಬಿನ ರಕ್ತನಾಳಗಳಿಗೆ ಒತ್ತಿಕೊಂಡು ಆಮ್ಲಜನಕ ಪಡೆಯುವುದರಿಂದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊಟ್ಟೆಯಲ್ಲಿ ಮರಿ ಮಾಡುವ ಎರಡು ಪ್ರಭೇದಗಳಿದ್ದವು. ತಾಯಿ ಮೊಟ್ಟೆಗಳನ್ನು ನುಂಗುತ್ತಿತ್ತು. ಅವುಗಳಲ್ಲೊಂದರಲ್ಲಿ ಮೊಟ್ಟೆಯ ಲೋಳೆ ಮತ್ತು ಮರಿಗಳು ಬಿಡುವ ಪ್ರೋಸ್ಟಗ್ಲಾಂಡಿನ್ ಇ2 ಅನ್ನುವ ರಾಸಾಯನಿಕ ಜಠರದ ಆಮ್ಲವನ್ನು ನಿಲ್ಲಿಸುತ್ತಿತ್ತು. ಮರಿಗಪ್ಪೆಗಳು ಬಾಯಿಂದ ಹೊರಬರುತ್ತಿದ್ದವು. 1980ರ ದಶಕದ ನಂತರ ಎರಡೂ ಕಂಡಿಲ್ಲ, ಅಳಿದುಹೋಗಿವೆ. ಹೊಟ್ಟೆಹುಣ್ಣಿನ ಔಷಧಕ್ಕೆ ದಾರಿ ತೋರಬಹುದಾಗಿದ್ದ ಪ್ರಾಣಿ ಅಧ್ಯಯನ ಶುರುವಾಗುವಷ್ಟರಲ್ಲಿ ಹೋಯಿತು.

ಸಲಮಾಂಡರ್‌ಗಳಲ್ಲಿ ಹೆಚ್ಚಿನವು ಒಳಫಲೀಕರಣದವು. ಗಂಡು ವೀರ್ಯದ ಪೊಟ್ಟಣವನ್ನು ನೆಲದ ಮೇಲೆ ಇಡುತ್ತದೆ, ಹೆಣ್ಣು ಎತ್ತಿಕೊಳ್ಳುತ್ತದೆ. ಹಾಗಾಗಿ ನ್ಯೂಟ್‌ಗಳಿಗೆ ಮೊಟ್ಟೆಯನ್ನು ಒಂದೊಂದಾಗಿ, ನಿಧಾನವಾಗಿ ಎಲೆಯಲ್ಲಿ ಸುತ್ತಿ ಇಡಲು ಬಿಡುವಿದೆ. ಆದರೆ ಜುಟ್ಟಿನ ನ್ಯೂಟ್‌ಗಳದು ದುರದೃಷ್ಟ. ಅವುಗಳ ಒಂದನೇ ವರ್ಣತಂತು ಎರಡು ಬಗೆಯಲ್ಲಿದೆ, ಮರಿ ಬದುಕಲು ಎರಡೂ ಒಂದೊಂದು ಬೇಕು. ಎರಡೂ ಒಂದೇ ಬಗೆಯಾದರೆ ಸಾವು. ಹಾಗಾಗಿ ಪ್ರತಿ ತಲೆಮಾರಿನಲ್ಲೂ ಅರ್ಧ ಮೊಟ್ಟೆ ವ್ಯರ್ಥ. ವಿಕಾಸ ಅಂದರೆ ಎಲ್ಲವೂ ಅಚ್ಚುಕಟ್ಟಾಗುವುದು ಅಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಸಿಸಿಲಿಯನ್‌ಗಳಲ್ಲಿ ಎಲ್ಲವೂ ಒಳಫಲೀಕರಣ. ಬ್ರೆಜಿಲ್‌ನ ಒಂದು ಸಿಸಿಲಿಯನ್ ಮೊಟ್ಟೆ ಇಡುವ ಪ್ರಾಣಿಯಾಗಿಯೂ ಮರಿಗಳಿಗೆ ಹಾಲಿನಂಥ ಕೊಬ್ಬಿನ ದ್ರವ ಉಣಿಸುತ್ತದೆ ಅಂತ 2024ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಬಗೆ ಹೇಗೆ ಹುಟ್ಟಿದವು? ಪಳೆಯುಳಿಕೆಯಿಂದ ಹೆಚ್ಚು ನೆರವಿಲ್ಲ, ಲೋಳೆ ಕಲ್ಲಾಗಿ ಉಳಿಯುವುದು ತೀರಾ ಅಪರೂಪ. ಚೀನಾದಲ್ಲಿ ಹೊಟ್ಟೆಯೊಳಗೆ ಮೊಟ್ಟೆಗಳಿರುವಾಗಲೇ ಸತ್ತ, 10 ಕೋಟಿ ವರ್ಷಕ್ಕೂ ಹಳೆಯ ಕಪ್ಪೆಯೊಂದು ಸಿಕ್ಕಿದೆ. ಅದರಿಂದಲೂ ಮೊಟ್ಟೆಯನ್ನು ಎಲ್ಲಿ ಇಡುತ್ತಿತ್ತು ಅಂತ ತಿಳಿಯದು. ಹಾಗಾಗಿ ಈಗಿರುವ ಪ್ರಭೇದಗಳ ವಂಶವೃಕ್ಷ ಕಟ್ಟಿ, ಯಾವ ಕೊಂಬೆಯಲ್ಲಿ ಯಾವ ಪದ್ಧತಿ ಇದೆ ಅಂತ ಗುರುತು ಹಾಕಿ, ಹಿಂದಕ್ಕೆ ಲೆಕ್ಕ ಹಾಕುತ್ತಾರೆ. 2005ರಲ್ಲಿ ಕಪ್ಪೆಗಳ ಸಂತಾನ ಪದ್ಧತಿಗಳನ್ನು 39 ಅಂತ ಎಣಿಸಿದ್ದರು. 2021ರ ಹೊಸ ವರ್ಗೀಕರಣದಲ್ಲಿ ಉಭಯಚರಗಳಿಗೆ ಒಟ್ಟು 74.

ಸಹಜವಾಗಿ ತೋಚುವ ಊಹೆ ಮೆಟ್ಟಿಲಿನದು. ಮೊದಲು ನೀರಲ್ಲಿ ಮೊಟ್ಟೆ, ಆಮೇಲೆ ನೀರಿನ ಪಕ್ಕ, ಆಮೇಲೆ ಎಲೆಯ ಮೇಲೆ, ಕೊನೆಗೆ ಗೊದಮೊಟ್ಟೆಯೇ ಇಲ್ಲದ ನೇರ ಬೆಳವಣಿಗೆ. ಇವಾನ್ ಗೋಮೆಜ್-ಮೆಸ್ಟ್ರೆ, ಅಲೆಕ್ಸ್ ಪೈರನ್, ಜಾನ್ ವೀನ್ಸ್ 2012ರಲ್ಲಿ 700ಕ್ಕೂ ಹೆಚ್ಚು ಕಪ್ಪೆ ಪ್ರಭೇದಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಹಲವು ವಂಶಗಳಲ್ಲಿ ನಡುವಿನ ಮೆಟ್ಟಿಲೇ ಇರಲಿಲ್ಲ. ನೀರಿನಿಂದ ನೇರ ಬೆಳವಣಿಗೆಗೆ ಒಂದೇ ಜಿಗಿತ. ನೊರೆಗೂಡು, ಎಲೆಮೊಟ್ಟೆಗಳು ಯಾವುದಕ್ಕೋ ತಯಾರಿಯಾಗಿರಲಿಲ್ಲ, ಅವೇ ಅಲ್ಲಿಗೆ ಸರಿಹೊಂದಿದ ಬದುಕು.

ಹಿಂದಕ್ಕೆ ಹೋದ ಉದಾಹರಣೆಗಳೂ ಇವೆ. ಚೀಲಗಪ್ಪೆಗಳಲ್ಲಿ ಹೆಚ್ಚಿನವು ಜೇಬಿನಿಂದ ಮರಿಗಪ್ಪೆಗಳನ್ನೇ ಬಿಡುತ್ತವೆ, ಕೆಲವು ಮಾತ್ರ ಗೊದಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ವಂಶವೃಕ್ಷದ ಲೆಕ್ಕ ಹೇಳುವಂತೆ ಈ ಕೆಲವು, ಕಳೆದುಕೊಂಡಿದ್ದ ಗೊದಮೊಟ್ಟೆಯನ್ನು ಮತ್ತೆ ಪಡೆದವು. ಇದನ್ನು ಎಲ್ಲರೂ ಒಪ್ಪಿಲ್ಲ. ಕಳೆದುಹೋದ ಇಡೀ ಹಂತ ವಾಪಸ್ ಬರುವುದು ಹೇಗೆ ಅನ್ನುವ ತಕರಾರು ನ್ಯಾಯವಾದದ್ದೇ. ಆದರೆ ಕೋಕಿಯ ಮೊಟ್ಟೆಯೊಳಗೆ ನೋಡಿದರೆ ಒಂದು ಸುಳಿವಿದೆ. ಗೊದಮೊಟ್ಟೆ ಕಪ್ಪೆಯಾಗುವುದು ಥೈರಾಯ್ಡ್ ಹಾರ್ಮೋನಿನ ಕೆಲಸ. ಕೋಕಿ ಭ್ರೂಣದಲ್ಲಿ ಆ ಹಾರ್ಮೋನನ್ನು ತಡೆದರೆ ಬಾಲ ಕರಗುವುದೇ ನಿಲ್ಲುತ್ತದೆ, ಕೊಟ್ಟರೆ ಮತ್ತೆ ಮುಂದುವರಿಯುತ್ತದೆ. ಅಂದರೆ ರೂಪಾಂತರ ಅಳಿಸಿಹೋಗಿಲ್ಲ, ಪೊರೆಯ ಒಳಗೇ ನಡೆದು ಮುಗಿಯುತ್ತಿದೆ.